ಖಾಲಿ ಬೀದಿಗೂ ಸಾಕ್ಷಿ ಬೇಕು: ಲಾಕ್‌ಡೌನ್ ದಿನಗಳಲ್ಲಿ ಊರಿನ ಫೋಟೋ ತೆಗೆಯುವುದು ಹೇಗೆ

ನನ್ನ ಹಾರ್ಡ್ ಡಿಸ್ಕಿನಲ್ಲಿ ‘ಲಾಕ್‌ಡೌನ್’ ಅಂತ ಒಂದು ಫೋಲ್ಡರ್ ಇದೆ. 2020 ಮತ್ತು 2021ರಲ್ಲಿ ಚಿಕ್ಕಮಗಳೂರಿನ ಬೀದಿಗಳಲ್ಲಿ ತೆಗೆದ ಎರಡು ಸಾವಿರ ಚಿಲ್ಲರೆ ಫೋಟೋಗಳು ಅದರಲ್ಲಿವೆ. ಮೊನ್ನೆ ಕೂತು ಒಂದೊಂದಾಗಿ ನೋಡಿದೆ. ಕೆಲಸಕ್ಕೆ ಬರುವಂಥವು ಅರವತ್ತೂ ಇಲ್ಲ. ಉಳಿದವುಗಳಲ್ಲಿ ಫೋಕಸ್ ಸರಿಯಾಗೇ ಇದೆ, ಬೆಳಕೂ ಚೆನ್ನಾಗಿದೆ, ರಸ್ತೆಯಂತೂ ಖಾಲಿ ಖಾಲಿ. ಪಕ್ಕದಲ್ಲಿ ಕೂತಿದ್ದ ತಂಗಿ ಹತ್ತು ಫೋಟೋ ನೋಡುವಷ್ಟರಲ್ಲಿ ಆಕಳಿಸಿದಳು. “ಇದರಲ್ಲಿ ಕೊರೊನಾ ಎಲ್ಲಿದೆ ಅಣ್ಣ? ಬೆಳಗ್ಗೆ ಐದೂವರೆಗೆ ಎದ್ದು ಹೋದ್ರೆ ಎಂ.ಜಿ. ರೋಡ್ ದಿನಾ ಹೀಗೇ ಇರುತ್ತೆ” ಅಂದಳು.

ಅವಳ ಮಾತು ನೆಟ್ಟಗೆ ನಾಟಿತು. ಖಾಲಿ ಬೀದಿಯ ಫೋಟೋ ತೆಗೆಯುವುದು ಸುಲಭ. ಆ ಖಾಲಿತನ ಯಾವ ದಿನದ್ದು, ಯಾಕೆ ಬಂತು ಅಂತ ಫೋಟೋನೇ ಹೇಳಬೇಕು. ಕಷ್ಟ ಇರುವುದು ಅಲ್ಲಿ.

ಈ ಕಷ್ಟ ಫೋಟೋಗ್ರಫಿಯಷ್ಟೇ ಹಳೆಯದು. ಫ್ರಾನ್ಸಿನ ಲೂಯಿ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯನ್ನು ಮೇಲಿನಿಂದ ಫೋಟೋ ತೆಗೆದ. ಗಾಡಿ, ಕುದುರೆ, ಜನ ಓಡಾಡುವ ಬೀದಿ ಅದು. ಆದರೆ ಆಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ನಡೆದು ಹೋಗುವವರು ಯಾರೂ ಮೂಡಲಿಲ್ಲ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಅಲುಗಾಡದೆ ನಿಂತಿದ್ದವನೊಬ್ಬ ಮಾತ್ರ ಉಳಿದುಕೊಂಡ. ತುಂಬಿದ ಬೀದಿ ಖಾಲಿ ಕಂಡಿತು. ನಮ್ಮದು ಉಲ್ಟಾ. ನಿಜಕ್ಕೂ ಖಾಲಿಯಾದ ಬೀದಿಯನ್ನು ನೋಡುವವರು ನಂಬಬೇಕು.

ಅಂಥ ದಿನ ಮತ್ತೆ ಬರುವುದು ಬೇಡ. ಬಂದರೆ ಅಂತ ಇದನ್ನು ಬರೆದಿದ್ದೇನೆ. ಬಂದ್, ಕರ್ಫ್ಯೂ ದಿನಗಳಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

1. ಮೊದಲು ಕೇಳಿಕೊಳ್ಳಿ: ಹೊರಗೆ ಹೋಗಬಹುದಾ?

ಕ್ಯಾಮೆರಾ ಹಿಡಿಯುವ ಮುಂಚೆ ಆ ದಿನದ ಆದೇಶ ಓದಿ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಬೆಳಗ್ಗೆ 7ರಿಂದ ರಾತ್ರಿ 9ರ ತನಕ ಇತ್ತು. ಮಾರ್ಚ್ 25ರಿಂದ 21 ದಿನ ಇಡೀ ದೇಶಕ್ಕೆ ಬೀಗ ಬಿತ್ತು. ಆಮೇಲೆ ಅದು ಕಂತು ಕಂತಾಗಿ ಮೇ ಕೊನೆವರೆಗೆ ಹೋಯಿತು. 2021ರ ಏಪ್ರಿಲ್ 27ರ ನಂತರ ನಮ್ಮ ರಾಜ್ಯದಲ್ಲಿ ದಿನಸಿ, ತರಕಾರಿಗೆ ಬೆಳಗ್ಗೆ 6ರಿಂದ 10ರ ತನಕ ಮಾತ್ರ ಬಿಡುವು. 2022ರ ಜನವರಿಯಲ್ಲಿ ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಗ್ಗೆ 5ರ ತನಕ ವಾರಾಂತ್ಯದ ಕರ್ಫ್ಯೂ. ಒಂದೊಂದು ಸಲ ಒಂದೊಂದು ನಿಯಮ. ಜಿಲ್ಲಾಡಳಿತ ಅದರ ಮೇಲೆ ಇನ್ನಷ್ಟು ಬಿಗಿ ಮಾಡಬಹುದು. ಹಾಗಾಗಿ ವಾಟ್ಸಾಪ್ ಫಾರ್ವರ್ಡ್ ನಂಬಿಕೊಂಡು ಹೊರಡಬೇಡಿ.

ಬೀದಿಯಲ್ಲಿ ಫೋಟೋ ತೆಗೆಯುವುದು ತಪ್ಪಲ್ಲ. ಓಡಾಡಬೇಡಿ ಅಂದಾಗ ಓಡಾಡುವುದು ತಪ್ಪು. ಆಗ ಅದಕ್ಕೆ ಐಪಿಸಿ 188ನೇ ಸೆಕ್ಷನ್ ಹಾಕುತ್ತಿದ್ದರು. 2024ರ ಜುಲೈಯಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 223 ಬಂದಿದೆ. ನಾವೆಲ್ಲ 144 ಅನ್ನುತ್ತಿದ್ದದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಪತ್ರಕರ್ತರಿಗೆ ಬೇರೆ ವಿನಾಯಿತಿ ಇರುತ್ತದೆ. ನಿಮ್ಮ ಹತ್ತಿರ ಪತ್ರಿಕೆಯ ಗುರುತಿನ ಚೀಟಿ ಇಲ್ಲದಿದ್ದರೆ ಇರುವ ಹಾಗೆ ನಟಿಸಬೇಡಿ.

ನಾನು ಇಟ್ಟುಕೊಂಡ ನಿಯಮ ಒಂದೇ. ಫೋಟೋಗಾಗಿ ಮನೆ ಬಿಡಬಾರದು. ಹಾಲಿಗೆ, ರೇಷನ್ನಿಗೆ, ಅಮ್ಮನ ಬಿ.ಪಿ. ಮಾತ್ರೆಗೆ ಹೇಗೂ ಹೋಗಬೇಕಲ್ವಾ? ಆ ದಾರಿಯಲ್ಲಿ ಏನು ಸಿಕ್ಕುತ್ತದೋ ಅಷ್ಟೇ ನನ್ನ ಪಾಲು. ಇದರಿಂದ ಫೋಟೋ ಕಡಿಮೆಯಾಯಿತು ಅಂತ ನಿಮಗೆ ಅನ್ನಿಸಬಹುದು. ನನಗೆ ಜಾಸ್ತಿಯಾಯಿತು. ಯಾಕೆ ಅಂತ 4ನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಮನೆಯಲ್ಲಿ ಯಾರಿಗಾದರೂ ಜ್ವರ ಇದ್ದರೆ, ಅಥವಾ ನಿಮ್ಮ ಬೀದಿಯನ್ನೇ ಸೀಲ್‌ಡೌನ್ ಮಾಡಿದ್ದರೆ, ನೇರವಾಗಿ 3ನೇ ಹೆಜ್ಜೆಗೆ ಹೋಗಿ.

2. ಸಾಮಾನು ಕಡಿಮೆ ಇರಲಿ

ಮೊಬೈಲ್ ಸಾಕು. ಕ್ಯಾಮೆರಾ ಇದ್ದರೆ ಅದರ ಜೊತೆ ಬಂದ 18-55 ಲೆನ್ಸ್ ಸಾಕು. ಟ್ರೈಪಾಡ್ ಬೇಡವೇ ಬೇಡ. ಖಾಲಿ ರಸ್ತೆಯ ನಡುವೆ ಮೂರು ಕಾಲು ನಿಲ್ಲಿಸಿದರೆ ಅರ್ಧ ಕಿಲೋಮೀಟರಿಂದಲೇ ಕಾಣುತ್ತದೆ. ಕ್ಯಾಮೆರಾ ಬ್ಯಾಗ್ ಕೂಡ ಬೇಡ. ನನ್ನದು ತರಕಾರಿ ಚೀಲ: ಕೆಳಗೆ ಟವೆಲ್, ಅದರ ಮೇಲೆ ಕ್ಯಾಮೆರಾ, ಬರುವಾಗ ಹಾಲಿನ ಪ್ಯಾಕೆಟ್ ಬೇರೆ ಕೈಯಲ್ಲಿ. ಒಂದು ಸಲ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದೆ. ಪ್ಯಾಕೆಟ್ಟಿನ ಮೂಲೆ ತೂತಾಗಿತ್ತು. ಆ ಲೆನ್ಸಿನ ಜೂಮ್ ತಿರುಗಿಸಿದರೆ ಈಗಲೂ ಕರಕರ ಅನ್ನುತ್ತದೆ.

ಮಾಸ್ಕ್ ಹಾಕಿಕೊಂಡು ವ್ಯೂಫೈಂಡರಿಗೆ ಕಣ್ಣಿಟ್ಟರೆ ಉಸಿರಿನ ಹಬೆ ಕೂತು ಏನೂ ಕಾಣುವುದಿಲ್ಲ. ನಮ್ಮೂರಿನ ಬೆಳಗಿನ ಚಳಿಗೆ ಇನ್ನೂ ಜಾಸ್ತಿ. ಮಾಸ್ಕಿನ ಮೇಲಂಚಿಗೆ, ಮೂಗಿನ ಹತ್ತಿರ, ಟಿಶ್ಯೂ ಮಡಚಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಿಂದಿನ ಪರದೆ ನೋಡಿಕೊಂಡು ತೆಗೆಯಿರಿ. ಮಾಸ್ಕನ್ನು ಕೆಳಗೆ ಎಳೆಯುವುದು ಪರಿಹಾರ ಅಲ್ಲ.

ಸ್ಯಾನಿಟೈಸರ್ ಕೈಗೆ ಮಾತ್ರ. ಲೆನ್ಸಿನ ಗಾಜಿಗೆ ತಾಗಿಸಬೇಡಿ, ಮೇಲಿನ ಲೇಪ ಹಾಳಾಗಬಹುದು. ಕೈ ಪೂರ್ತಿ ಒಣಗಿದ ಮೇಲೆ ಕ್ಯಾಮೆರಾ ಮುಟ್ಟಿ.

ಹೊರಡುವ ಮುಂಚೆ ಕ್ಯಾಮೆರಾದ ತಾರೀಖು ಮತ್ತು ಗಡಿಯಾರ ಸರಿ ಇದೆಯಾ ನೋಡಿ. ಸಣ್ಣ ವಿಷಯ ಅನ್ನಿಸುತ್ತದೆ. ನನ್ನ ಮೊದಲ ವಾರದ ಫೋಟೋಗಳೆಲ್ಲ 2015ರ ಜನವರಿ 1ರಂದು ತೆಗೆದವು ಅಂತ ಕಂಪ್ಯೂಟರ್ ಇವತ್ತಿಗೂ ವಾದ ಮಾಡುತ್ತದೆ.

3. ಕಿಟಕಿ, ತಾರಸಿಯಿಂದ ಶುರು ಮಾಡಿ

ಮೇಲಿನಿಂದ ನೋಡಿದರೆ ಬೀದಿ ಬೇರೆಯೇ. ಬೀದಿಯಲ್ಲಿ ಇಲ್ಲದ ಜನ ತಾರಸಿ ಮೇಲೆ ಇರುತ್ತಾರೆ. ಸಂಜೆ ಐದಕ್ಕೆ ನಮ್ಮ ಸುತ್ತಲಿನ ಒಂದೊಂದು ತಾರಸಿಯಲ್ಲೂ ಯಾರಾದರೂ ವಾಕಿಂಗ್ ಮಾಡುತ್ತಿದ್ದರು, ಸಿಂಟೆಕ್ಸ್ ಟ್ಯಾಂಕಿಗೆ ಒಂದು ಸುತ್ತು, ಮತ್ತೆ ಒಂದು ಸುತ್ತು. ತಂತಿ ಮೇಲೆ ಒಗೆದ ಮಾಸ್ಕುಗಳು ಸಾಲಾಗಿ ನೇತಾಡುತ್ತಿದ್ದವು. ಮೇಲ್ಗಡೆ ಜನ, ಕೆಳಗಡೆ ಖಾಲಿ ರಸ್ತೆ ಎರಡೂ ಒಂದೇ ಫ್ರೇಮಿನಲ್ಲಿ ಬರಲಿ. ಅದು ಬೇರೆ ಯಾವ ವರ್ಷದ ಫೋಟೋನೂ ಆಗಲು ಸಾಧ್ಯವಿಲ್ಲ.

ಕಿಟಕಿ ಗಾಜಿನ ಹಿಂದಿನಿಂದ ತೆಗೆಯುವುದಾದರೆ ಲೆನ್ಸನ್ನು ಗಾಜಿಗೆ ತಾಗಿಸಿಯೇ ಹಿಡಿಯಿರಿ, ಒಳಗಿನ ಲೈಟ್ ಆರಿಸಿ. ಪ್ರತಿಬಿಂಬ ಬರುವುದಿಲ್ಲ. ಪಕ್ಕದ ಮನೆಯವರ ಬಾಗಿಲು, ಬಚ್ಚಲು ಕಿಟಕಿ ಕಡೆ ಲೆನ್ಸ್ ತಿರುಗದಿರಲಿ.

4. ಒಂದೇ ದಾರಿ ಹಿಡಿಯಿರಿ

ಇಡೀ ಊರು ಸುತ್ತುವ ಆಸೆ ಬಿಡಿ. ಮನೆಯಿಂದ ಹಾಲಿನ ಬೂತಿಗೆ ಹತ್ತು ನಿಮಿಷ. ಅದೇ ದಾರಿ, ಅದೇ ಅಂಗಡಿ, ಅದೇ ಬೇಲಿ, ದಿನಾ. ಮೊದಲ ಮೂರು ದಿನ ಬೇಜಾರಾಗುತ್ತದೆ. ನಾಲ್ಕನೇ ದಿನದಿಂದ ಬದಲಾವಣೆ ಕಣ್ಣಿಗೆ ಬೀಳಲು ಶುರುವಾಗುತ್ತದೆ.

ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25 ಯುಗಾದಿ. ನಾನು ಹೋಗುವ ದಾರಿಯ ಒಂದು ಮನೆಯವರು ಬೆಳಗ್ಗೆಯೇ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಎಳೆ ಎಲೆ, ತುದಿ ಇನ್ನೂ ಕೆಂಪು. ಹಿಂದೆ ಹಸಿರು ಬಣ್ಣದ ಬಾಗಿಲು, ಮುಚ್ಚಿದ್ದು. ಸುಮ್ನೆ ಒಂದು ಕ್ಲಿಕ್ ಮಾಡಿದೆ. ವಾರ ಬಿಟ್ಟು ನೋಡಿದರೆ ಎಲೆ ಸುರುಟಿಕೊಂಡಿತ್ತು. ಏಪ್ರಿಲ್ ನಡುವೆ ಕಂದು ಬಣ್ಣ. ಒಂದು ಮಳೆ ಬಿದ್ದ ಮೇಲೆ ನಾಲ್ಕು ಎಲೆ ಉದುರಿ ಹೊಸ್ತಿಲ ಮೇಲೆ ಅಂಟಿಕೊಂಡಿದ್ದವು. ಮೇ ತಿಂಗಳಲ್ಲಿ ಉಳಿದಿದ್ದು ಬರೀ ದಾರ, ಅದರಲ್ಲಿ ಎರಡು ತೊಟ್ಟು. ಬಾಗಿಲು ಅದೇ ಬಾಗಿಲು. ಐದೇ ಫೋಟೋ. ಪಕ್ಕಪಕ್ಕ ಇಟ್ಟರೆ ಎರಡು ತಿಂಗಳು ಹೇಗೆ ಹೋಯಿತು ಅಂತ ಬಾಯಿ ಬಿಟ್ಟು ಹೇಳುವುದೇ ಬೇಡ.

ಇದನ್ನು ನೀವು ಮಾಡುವುದಾದರೆ ಎಲ್ಲಿ ನಿಂತಿರಿ ಅಂತ ಗುರುತಿಟ್ಟುಕೊಳ್ಳಿ. ಚರಂಡಿ ಕಲ್ಲು, ಕರೆಂಟ್ ಕಂಬ, ಏನಾದರೂ ಆಗಬಹುದು. ಜೂಮ್ ಬದಲಾಯಿಸಬೇಡಿ, ಎತ್ತರ ಬದಲಾಯಿಸಬೇಡಿ. ನಾನು ಐದರಲ್ಲಿ ಎರಡನ್ನು ಬೇರೆ ಜೂಮಿನಲ್ಲಿ ತೆಗೆದು ಈಗ ಕೈ ಹಿಸುಕಿಕೊಳ್ಳುತ್ತಿದ್ದೇನೆ.

5. ಹೊತ್ತು: ನಡುಮಧ್ಯಾಹ್ನಕ್ಕೆ ಹೆದರಬೇಡಿ

ಫೋಟೋ ಕಲಿಸುವವರೆಲ್ಲ ಹೇಳುವುದು ಒಂದೇ: ಬೆಳಗಿನ ಮತ್ತು ಸಂಜೆಯ ಬಂಗಾರದ ಬೆಳಕು ಹಿಡಿಯಿರಿ, ನೆತ್ತಿ ಮೇಲಿನ ಬಿಸಿಲಲ್ಲಿ ಕ್ಯಾಮೆರಾ ತೆಗೆಯಬೇಡಿ. ಈ ಕೆಲಸಕ್ಕೆ ಆ ಮಾತು ಮರೆತುಬಿಡಿ. ಉದ್ದ ನೆರಳಿನ, ಹೊಂಬಿಸಿಲಿನ ಖಾಲಿ ರಸ್ತೆ ನೋಡಿದರೆ ಯಾರಿಗಾದರೂ “ಬೆಳಗಿನ ಜಾವ” ಅಂತಲೇ ಅನ್ನಿಸುತ್ತದೆ. ನನ್ನ ಸಾವಿರಗಟ್ಟಲೆ ಫೋಟೋ ಸತ್ತಿದ್ದು ಇದರಿಂದಲೇ. ಕಂಬದ ಬುಡದಲ್ಲೇ ನೆರಳು ಮುದುಡಿಕೊಂಡಿರುವ ಖಾಲಿ ರಸ್ತೆ ನೋಡಿದರೆ ಮಾತ್ರ “ಇಷ್ಟು ಹೊತ್ತಿಗೆ ಯಾಕೆ ಯಾರೂ ಇಲ್ಲ?” ಅನ್ನುವ ಪ್ರಶ್ನೆ ಏಳುತ್ತದೆ. ನೆರಳೇ ಗಡಿಯಾರ.

ನಮ್ಮ ಕಡೆ ಇದಕ್ಕೆ ಒಂದು ಅನುಕೂಲ ಇದೆ. ಚಿಕ್ಕಮಗಳೂರು, ಹಾಸನ ಎರಡೂ ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿವೆ. ಏಪ್ರಿಲ್ ಕೊನೆ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ನೇರಕ್ಕೇ ಬರುತ್ತಾನೆ. ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಂದು ಸಲ ಹೀಗಾಗುತ್ತದೆ, ಆದರೆ ಮಳೆಗಾಲದಲ್ಲಿ ಬಿಸಿಲು ಯಾರಿಗೆ ಸಿಕ್ಕಿತು. 2020ರಲ್ಲೂ 2021ರಲ್ಲೂ ಏಪ್ರಿಲ್ ಕೊನೆಯಲ್ಲಿ ಬೀದಿಗಳು ಮುಚ್ಚಿದ್ದವು. ಮಾತ್ರೆ ತರಲು ಹೋದ ಒಂದು ಮಧ್ಯಾಹ್ನ ನಾನು ಈ ನೆರಳಿಲ್ಲದ ರಸ್ತೆ ಹಿಡಿದೆ. ಕಂಬಗಳು ಸಾಲಾಗಿ ನಿಂತಿವೆ, ಒಂದಕ್ಕೂ ನೆರಳಿಲ್ಲ, ಒಬ್ಬ ಮನುಷ್ಯನೂ ಇಲ್ಲ. ನೋಡಿದವರು ಎಡಿಟ್ ಮಾಡಿದ್ದೀರಾ ಅಂತ ಕೇಳುತ್ತಾರೆ.

ಬೆಳಗ್ಗೆ ಹತ್ತರೊಳಗೆ ಮನೆ ಸೇರಬೇಕಾದ ದಿನಗಳಲ್ಲಿ ಏನು ಮಾಡುವುದು? ಏಪ್ರಿಲ್, ಮೇ ತಿಂಗಳಲ್ಲಿ ಒಂಬತ್ತೂಕಾಲರ ಸುಮಾರಿಗೆ ನಮ್ಮ ನೆರಳು ನಮ್ಮ ಎತ್ತರದಷ್ಟೇ ಇರುತ್ತದೆ. ಅಲ್ಲಿಂದ ಮುಂದೆ ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಯ ಕಾಲು ಗಂಟೆ ಬಂಗಾರ. ಒಂಬತ್ತೂ ಐವತ್ತಕ್ಕೆ ಕೊತ್ತಂಬರಿ ಕಟ್ಟಿಗೆ ಚೌಕಾಸಿ ನಡೆದಿರುತ್ತದೆ. ಸೀಟಿ ಕೇಳುತ್ತದೆ. ಶಟರುಗಳು ಒಂದರ ಹಿಂದೆ ಒಂದು ದಡದಡ ಇಳಿಯುತ್ತವೆ, ಅರ್ಧ ಇಳಿದ ಶಟರಿನ ಕೆಳಗಿಂದ ಒಂದು ಕೈ ಸಕ್ಕರೆ ಪೊಟ್ಟಣ ಚಾಚುತ್ತದೆ. ನಿಮ್ಮ ಕಿಟಕಿ ಅಂಥ ಬೀದಿಗೆ ಮುಖ ಮಾಡಿದ್ದರೆ ನೀವು ಪುಣ್ಯವಂತರು. ಒಂಬತ್ತೂ ಮುಕ್ಕಾಲಿಗೆ ಒಂದು, ಹತ್ತೂ ಐದಕ್ಕೆ ಒಂದು, ಅಲುಗಾಡಿಸದೆ ತೆಗೆಯಿರಿ.

6. ಸೆಟ್ಟಿಂಗ್

ಮೊಬೈಲಿನವರಿಗೆ: ಲೆನ್ಸ್ ಒರೆಸಿ. ಗ್ರಿಡ್ ಗೆರೆ ಆನ್ ಮಾಡಿ, ಕಂಬ ಮತ್ತು ಕಟ್ಟಡ ನೆಟ್ಟಗೆ ಬರಲಿ. ಖಾಲಿ ಬೀದಿಯಲ್ಲಿ ಕಣ್ಣು ಹೋಗುವುದೇ ಗೆರೆಗಳ ಕಡೆಗೆ, ಸ್ವಲ್ಪ ವಾಲಿದರೂ ಎದ್ದು ಕಾಣುತ್ತದೆ. ಜೂಮ್ 1ರಲ್ಲೇ ಇರಲಿ. ಫೋಕಸ್ ಬೇಕಾದ ಕಡೆ ಬೆರಳು ಒತ್ತಿ ಹಿಡಿದರೆ ಲಾಕ್ ಆಗುತ್ತದೆ, ಆಮೇಲೆ ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಆಕಾಶ ಬೆಳ್ಳಗೆ ಸುಟ್ಟು ಹೋಗುವುದು ತಪ್ಪುತ್ತದೆ.

ಕ್ಯಾಮೆರಾದವರಿಗೆ: ಬಿರುಬಿಸಿಲಿಗೆ ಒಂದು ಹಳೇ ಲೆಕ್ಕ ಇದೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು ಎಫ್ 16ಕ್ಕೆ ಇಟ್ಟರೆ ಕ್ಯಾಮೆರಾದ ಶಟರ್ ವೇಗ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಸಂಖ್ಯೆಯಷ್ಟೇ. ಐಎಸ್‌ಒ 200ಕ್ಕೆ 1/200 ಸೆಕೆಂಡ್. ಎಫ್ 8ಕ್ಕೆ ಬಂದರೆ 1/800. ಇದನ್ನು ಮೊದಲೇ ಇಟ್ಟುಕೊಂಡರೆ ಪ್ರತಿ ಸಲ ಬೆಳಕು ಅಳೆಯುವ ಮೀಟರ್ ನೋಡುವ ಕೆಲಸ ಇಲ್ಲ. ಬೆಳಗ್ಗೆ ಆರೂವರೆಗೆ ಐಎಸ್‌ಒ 400 ಅಥವಾ 800, ಎಫ್ 5.6 ಸಾಕಾಗುತ್ತದೆ. ಶಟರ್ 1/125ಕ್ಕಿಂತ ಇಳಿಯದಿರಲಿ.

ಫೋಕಸ್ಸಿಗೂ ಒಂದು ಉಪಾಯ. ಸಾಮಾನ್ಯ ಡಿಎಸ್‌ಎಲ್‌ಆರಿನಲ್ಲಿ 18ಕ್ಕೆ ಲೆನ್ಸ್ ಅಗಲಿಸಿ, ಎಫ್ 8 ಇಟ್ಟು, ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿ ಬಿಡಿ. ಸುಮಾರು ಒಂದು ಮೀಟರಿನಿಂದ ರಸ್ತೆಯ ಆ ತುದಿಯ ತನಕ ಎಲ್ಲ ಸ್ಪಷ್ಟ. ಚೀಲದಿಂದ ತೆಗೆ, ಒತ್ತು, ಒಳಗಿಡು.

ಹಿಂದಿನ ರಾತ್ರಿ ತಾರಸಿಯಲ್ಲಿ ಐಎಸ್‌ಒ 6400 ಇಟ್ಟಿದ್ದರೆ ಬೆಳಗ್ಗೆ ಮರೆಯದೆ ಇಳಿಸಿ. ಇದನ್ನು ಯಾಕೆ ಬರೆದೆ ಅಂತ ಕೇಳಬೇಡಿ.

7. ಸಾಕ್ಷಿ ಹುಡುಕುವುದು

ಮುಖ್ಯ ಕೆಲಸ ಇದು. ಪ್ರತಿ ಫ್ರೇಮಿಗೆ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಖಾಲಿತನ ಮಾಮೂಲಿನದ್ದಲ್ಲ ಅಂತ ಹೇಳಲು ಇದರೊಳಗೆ ಏನಿದೆ?

ಮೊದಲನೇ ಸಾಕ್ಷಿ ಜಾಗವೇ. ಅಲ್ಲಿ ಯಾವಾಗ ಎಷ್ಟು ಜನ ಇರುತ್ತಾರೆ ಅಂತ ನೋಡುವವರಿಗೆ ಗೊತ್ತಿರಬೇಕು. ಹಾಸನಾಂಬ ದೇವಸ್ಥಾನ ವರ್ಷದಲ್ಲಿ ದೀಪಾವಳಿ ಆಸುಪಾಸಿನ ಕೆಲವೇ ದಿನ ಬಾಗಿಲು ತೆಗೆಯುತ್ತದೆ. ಜೂನ್ ತಿಂಗಳಲ್ಲಿ ಅದರ ಮುಂದೆ ಜನ ಇಲ್ಲದಿದ್ದರೆ ಅದು ಸುದ್ದಿಯಲ್ಲ. ಹಾಸನದಲ್ಲೇ ಬೇಕಾದರೆ ಹಗಲು ಹನ್ನೊಂದರ ಬಿ.ಎಂ. ರಸ್ತೆ ತೆಗೆಯಿರಿ, ಎನ್.ಆರ್. ಸರ್ಕಲ್ ತೆಗೆಯಿರಿ. ಚಿಕ್ಕಮಗಳೂರಿನಲ್ಲಿ ಧರಣಿ, ಘೋಷಣೆ ಇಲ್ಲದ ಆಜಾದ್ ಪಾರ್ಕ್. ಟ್ರಾಫಿಕ್ ಇಲ್ಲದ ಹನುಮಂತಪ್ಪ ಸರ್ಕಲ್. ದೋಸೆಗೆ ಕಾಯುವವರಿಲ್ಲದ ಟೌನ್ ಕ್ಯಾಂಟೀನ್ ಬಾಗಿಲು. ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳು ವಾರಾಂತ್ಯದಲ್ಲಿ ಸಾಲುಗಟ್ಟುವ ಕೈಮರದ ರಸ್ತೆ. ಇವು ಊರಿನವರಿಗೆ ಒಂದು ನೋಟಕ್ಕೇ ಅರ್ಥವಾಗುತ್ತವೆ.

ಎರಡನೆಯದು, ಜನ ಬಿಟ್ಟು ಹೋದ ಗುರುತು. ಬೀಗದ ಮೇಲೆ ಜೇಡರ ಬಲೆ. ಶಟರಿಗೆ ಅಂಟಿಸಿದ ಕೈಬರಹದ ಚೀಟಿ. ನಿಂತಲ್ಲೇ ನಿಂತ ಸ್ಕೂಟರಿನ ಸೀಟಿನ ಮೇಲೆ ದೂಳು, ದೂಳಲ್ಲಿ ಬೆಕ್ಕಿನ ಹೆಜ್ಜೆ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ‘ಇಲ್ಲಿ ಕೂರಬೇಡಿ’ ಅನ್ನುವ ಗುಣಾಕಾರದ ಗುರುತು. ರಸ್ತೆಗೆ ಅಡ್ಡ ಇಟ್ಟ ಮರದ ದಿಮ್ಮಿ.

ಮೂರನೆಯದು, ಜನರ ಬದಲಿಗೆ ನಿಂತ ವಸ್ತು. ಇದನ್ನು ಬಿಡಿಸಿ ಹೇಳಲೇಬೇಕು. ರೇಷನ್ ಅಂಗಡಿ ಮುಂದೆ ಸುಣ್ಣದ ಪುಡಿಯಲ್ಲಿ ಸುತ್ತುಗಳನ್ನು ಬರೆದಿದ್ದರು, ಒಂದರಿಂದ ಒಂದಕ್ಕೆ ಒಂದು ಮಾರು ದೂರ. ಅಂಗಡಿ ತೆಗೆಯಲು ಇನ್ನೂ ಅರ್ಧ ಗಂಟೆ ಇತ್ತು. ಒಬ್ಬರೂ ಕಾಣಲಿಲ್ಲ. ಆದರೆ ಸುತ್ತುಗಳು ಖಾಲಿ ಇರಲಿಲ್ಲ. ಮೊದಲನೆಯದರಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ, ಒಂದರ ಬಾರು ಕಿತ್ತು ಪಿನ್ ಹಾಕಿತ್ತು. ಎರಡನೆಯದರಲ್ಲಿ ಗೊಬ್ಬರದ ಚೀಲ ಮಡಚಿ ಮೇಲೆ ಕಲ್ಲು. ಮೂರನೆಯದರಲ್ಲಿ ಮಗುವಿನ ಚಪ್ಪಲಿ ಒಂದೇ ಒಂದು, ಎಡಗಾಲಿನದು. ಹೀಗೆ ಹದಿನೇಳು. ಸರದಿ ಹಿಡಿದಿಟ್ಟು ಎಲ್ಲರೂ ಎದುರಿನ ಹೊಂಗೆ ಮರದ ನೆರಳಲ್ಲಿ ದೂರ ದೂರ ಕೂತಿದ್ದರು.

ಮೊದಲ ಫೋಟೋ ನಿಂತೇ ತೆಗೆದೆ. ನೆಲ, ಬಿಳಿ ಸುತ್ತು, ಅಷ್ಟೇ, ಚಪ್ಪಲಿ ಇರುವೆಯಷ್ಟು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿದೆ. ಮೊದಲ ಚಪ್ಪಲಿ ದೊಡ್ಡದಾಗಿ ಮುಂದೆ ಬಂತು, ಉಳಿದ ಸುತ್ತುಗಳು ಅದರ ಹಿಂದೆ ಚಿಕ್ಕದಾಗುತ್ತಾ ಶಟರಿನ ತನಕ ಸರದಿ ನಿಂತವು. ಬಿಳಿ ಸುಣ್ಣ ಜಾಸ್ತಿ ಇದ್ದಿದ್ದರಿಂದ ಮೀಟರ್ ಮೋಸ ಹೋಗಿ ಎಲ್ಲ ಮಬ್ಬಾಗಿತ್ತು. ಎಕ್ಸ್‌ಪೋಷರ್ ಸ್ವಲ್ಪ ಏರಿಸಿದೆ. ಹಿಂದಿನಿಂದ ಒಬ್ಬ ಅಜ್ಜಿ ಕೂಗಿದರು: “ಏ ತಮ್ಮ, ನನ್ ಚಪ್ಲಿ ಜರುಗಿಸ್ಬೇಡ, ಎರಡು ಗಂಟೆಯಿಂದ ಕಾಯ್ತಿದೀನಿ!” ಜರುಗಿಸಲಿಲ್ಲ. ನೀವೂ ಜರುಗಿಸಬೇಡಿ. ಚೆನ್ನಾಗಿ ಕಾಣಲಿ ಅಂತ ವಸ್ತುವನ್ನು ಆಚೀಚೆ ಇಟ್ಟರೆ ಅದು ಸಾಕ್ಷಿಯಲ್ಲ, ನಾಟಕ. ಮೇಲಾಗಿ ಇಲ್ಲಿ ಒಬ್ಬರ ಅಕ್ಕಿಯ ಪ್ರಶ್ನೆ.

ಕಿವಿಗೆ, ಮೂಗಿಗೆ ಗೊತ್ತಾಗುವುದು ಫೋಟೋದಲ್ಲಿ ಬರುವುದಿಲ್ಲ. ಎಂ.ಜಿ. ರಸ್ತೆಯಲ್ಲಿ ಕಾಫಿ ಪುಡಿ ಅಂಗಡಿಗಳ ಹುರಿದ ವಾಸನೆ ಇಲ್ಲದೆ ನಡೆದಾಗ ನನಗೆ ಬೇರೆ ಊರಿಗೆ ಬಂದ ಹಾಗಾಗಿತ್ತು. ಅದನ್ನು ತೋರಿಸಲು ಆರು ಸಲ ಪ್ರಯತ್ನಪಟ್ಟೆ, ಆಗಲಿಲ್ಲ. ಅಂಥದ್ದನ್ನು ಡೈರಿಯಲ್ಲಿ ಬರೆದಿಡಿ.

8. ಮನುಷ್ಯರು ಸಿಕ್ಕಾಗ

ಖಾಲಿ ಬೀದಿಯಲ್ಲಿ ಒಬ್ಬರು ಕಂಡರೆ ಕ್ಯಾಮೆರಾ ತಾನಾಗೇ ಆ ಕಡೆ ತಿರುಗುತ್ತದೆ. ಅಲ್ಲಿ ನಿಧಾನಿಸಿ. ಲಾಕ್‌ಡೌನಿನಲ್ಲಿ ಬೀದಿಯಲ್ಲಿ ಇರುವವರು ಎರಡೇ ತರಹ. ಕೆಲಸ ಮಾಡಲೇಬೇಕಾದವರು: ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ಪೊಲೀಸರು, ಹಾಲು ಪೇಪರ್ ಹಾಕುವವರು. ಇನ್ನೊಂದು, ಹೋಗಲು ಮನೆ ಇಲ್ಲದವರು.

ಕೆಲಸದವರನ್ನು ಕೇಳಿ ತೆಗೆಯಿರಿ. ಎರಡು ಮೀಟರ್ ದೂರದಿಂದ “ಅಕ್ಕ, ಒಂದು ಫೋಟೋ ತೆಗೀಲಾ?” ಅಂದರೆ ಸಾಕು. ಬೇಡ ಅಂದರೆ ಬೇಡ. ಮುಖ ಕಾಣದ ಹಾಗೆ, ಪೊರಕೆ ಹಿಡಿದ ಕೈ, ಕೈಗವಸು, ರಸ್ತೆಯ ಉದ್ದ ಇಷ್ಟೇ ಬಂದರೂ ಫೋಟೋ ಗಟ್ಟಿಯಾಗೇ ಇರುತ್ತದೆ.

ಎರಡನೆಯವರ ವಿಷಯದಲ್ಲಿ ನಾನು ತಪ್ಪು ಮಾಡಿದ್ದೇನೆ. ಮುಚ್ಚಿದ ಅಂಗಡಿ ಕಟ್ಟೆ ಮೇಲೆ ಒಬ್ಬ ಯಜಮಾನರು ಯಾರೋ ಕೊಟ್ಟ ಅನ್ನದ ಪೊಟ್ಟಣ ಬಿಚ್ಚಿ ಊಟ ಮಾಡುತ್ತಿದ್ದರು. ರಸ್ತೆಯ ಈ ಕಡೆಯಿಂದ ತೆಗೆದೆ. ಕ್ಯಾಮೆರಾದ ಶಟರ್ ಸದ್ದು ಆ ನಿಶ್ಶಬ್ದದಲ್ಲಿ ದೊಡ್ಡದಾಗಿ ಕೇಳಿತು. ಮಾಮೂಲಿ ದಿನ ಆಗಿದ್ದರೆ ಕೇಳುತ್ತಲೇ ಇರಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ಪೊಟ್ಟಣ ಎತ್ತಿಕೊಂಡು ಗೋಡೆ ಕಡೆಗೆ ತಿರುಗಿ ಕೂತು ಊಟ ಮುಂದುವರಿಸಿದರು. ಆ ಫೋಟೋ ಅಳಿಸಿದೆ. ಊಟ ಮಾಡುವವರನ್ನು, ಅಳುವವರನ್ನು, ಆಂಬುಲೆನ್ಸ್ ಹತ್ತುವವರನ್ನು ಆಮೇಲೆ ತೆಗೆದಿಲ್ಲ.

ಮನೆ ಬಾಗಿಲಿಗೆ ಅಂಟಿಸಿದ ಕ್ವಾರಂಟೈನ್ ಚೀಟಿ ತೆಗೆಯುವ ಆಸೆ ಆಗುತ್ತದೆ. ಅದರಲ್ಲಿ ಹೆಸರು, ವಿಳಾಸ ಇರುತ್ತದೆ. ಕಾಯಿಲೆ ವಾಸಿಯಾದ ಮೇಲೂ ಜನ ಆ ಮನೆ ದಾರಿ ಬಿಟ್ಟು ಹೋಗಿದ್ದು ನೋಡಿದ್ದೇನೆ. ಬಿಡಿ.

ಪೊಲೀಸರು ತಡೆದರೆ ಕ್ಯಾಮೆರಾ ಬಚ್ಚಿಡಬೇಡಿ, ವಾದ ಬೇಡ. ಹಾಲಿನ ಪ್ಯಾಕೆಟ್ ತೋರಿಸಿ, ಇದ್ದದ್ದು ಹೇಳಿ. ನನ್ನನ್ನು ತಡೆದವರು ಫೋಟೋ ನೋಡಿ, “ನಮ್ದೂ ಒಂದು ತೆಗೀರಿ ಸಾರ್, ಮನೆಗೆ ಕಳಿಸ್ಬೇಕು, ಹದಿನೈದು ದಿನ ಆಯ್ತು ಹೋಗಿ” ಅಂದರು. ತೆಗೆದು ಅಲ್ಲೇ ಕಳಿಸಿಕೊಟ್ಟೆ. ಎಲ್ಲರಿಗೂ ಹೀಗೆ ಆಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

9. ರಾತ್ರಿ

ರಾತ್ರಿ ಕರ್ಫ್ಯೂನಲ್ಲಿ ತಾರಸಿ ಬಿಟ್ಟು ಇಳಿಯುವಂತಿಲ್ಲ. ಕ್ಯಾಮೆರಾವನ್ನು ಗೋಡೆ ಮೇಲೆ ಅಕ್ಕಿ ಚೀಲದ ಮೇಲೆ ಕೂರಿಸಿ. ಐಎಸ್‌ಒ 100, ಎಫ್ 8, ಹತ್ತು ಸೆಕೆಂಡ್, ಎರಡು ಸೆಕೆಂಡ್ ಟೈಮರ್. ಬೀದಿ ದೀಪದ ಕೆಳಗೆ ನಾಯಿ ಮಲಗಿದ್ದರೆ ಡಾಗೇರನ ಬೂಟು ಪಾಲಿಶಿನವನ ಹಾಗೆ ಮೂಡುತ್ತದೆ, ಓಡಾಡಿದರೆ ಮಾಯ. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ಒಂಬತ್ತು ನಿಮಿಷ ಮನೆಯ ಲೈಟ್ ಆರಿಸಿ ದೀಪ ಹಚ್ಚಿದ್ದು ನೆನಪಿದೆಯಲ್ಲ. ಅಂಥ ಹೊತ್ತು ಮೊದಲೇ ಗೊತ್ತಿದ್ದರೆ ಅರ್ಧ ಗಂಟೆ ಮುಂಚೆಯೇ ಫೋಕಸ್ ಹಿಡಿದು ಕೂರಿ. ಕತ್ತಲಾದ ಮೇಲೆ ಆಟೋಫೋಕಸ್ ತಡಕಾಡುತ್ತದೆ.

10. ಮನೆಗೆ ಬಂದ ಮೇಲೆ

ಕೈ ತೊಳೆದು, ಅವತ್ತೇ ಫೋಟೋ ಇಳಿಸಿ, ಅವತ್ತೇ ಬರೆಯಿರಿ. ತಾರೀಖು, ಹೊತ್ತು, ಬೀದಿ, ಆ ದಿನದ ನಿಯಮ, ಎಲ್ಲ ಎರಡು ಸಾಲಿನಲ್ಲಿ. “ಲಾಕ್‌ಡೌನ್ ದಿನ” ಅಂತ ಬರೆದರೆ ಐದು ವರ್ಷದ ಮೇಲೆ ನಿಮಗೇ ಅರ್ಥವಾಗುವುದಿಲ್ಲ. ಒಂದು ಉದಾಹರಣೆ: 2020ರ ಮೇ ಮೂರನೇ ವಾರದ ತನಕ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ, ಹಸಿರು ವಲಯ. ನನ್ನ ಏಪ್ರಿಲಿನ ಬೀದಿಗಳು ಖಾಲಿ ಇದ್ದದ್ದು ಆದೇಶದಿಂದ. 2021ರ ಮೇ ತಿಂಗಳ ಬೀದಿಗಳು ಖಾಲಿ ಇದ್ದಾಗ ಒಂದೊಂದು ಬೀದಿಯಲ್ಲೂ ಕಾಯಿಲೆಯ ಮನೆ ಇತ್ತು. ಎರಡು ಫೋಟೋ ಅಕ್ಕಪಕ್ಕ ಇಟ್ಟರೆ ಒಂದೇ ತರಹ ಕಾಣುತ್ತವೆ. ಬೇರೆ ಮಾಡುವುದು ಆ ಎರಡು ಸಾಲು ಮಾತ್ರ.

ಎಡಿಟ್ ಹಗುರಾಗಿರಲಿ. ವಾಲಿದ್ದನ್ನು ನೆಟ್ಟಗೆ ಮಾಡಿ, ಬೆಳಕು ತಿದ್ದಿ, ಅಷ್ಟೇ. ದೂರದಲ್ಲಿ ಒಂದು ಬೈಕ್ ಇದ್ದರೆ ಇರಲಿ. ಮೊಬೈಲಿನಲ್ಲಿ ಈಗ ಒಂದು ಬೆರಳಿಗೆ ಮನುಷ್ಯರನ್ನು ಅಳಿಸಬಹುದು. ಹಾಗೆ ಅಳಿಸಿ ಖಾಲಿ ಮಾಡಿದ ಬೀದಿ ಇನ್ನು ಯಾವ ಬೀದಿಯನ್ನೂ ನಂಬದ ಹಾಗೆ ಮಾಡುತ್ತದೆ. ಕಪ್ಪು ಬಿಳುಪಿಗೂ ಆತುರ ಬೇಡ. ಖಾಲಿ ಬೀದಿ ಅಂದರೆ ಕಪ್ಪು ಬಿಳುಪು ಅಂತ ಎಲ್ಲರೂ ಮಾಡುತ್ತಾರೆ. ತೋರಣ ಒಣಗಿದ್ದು ಬಣ್ಣ ಇಲ್ಲದೆ ಹೇಗೆ ಗೊತ್ತಾಗಬೇಕು?

ಮೂರು ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಹಂಚುವ ಮುಂಚೆ ಫೋಟೋದೊಳಗಿನ ಲೊಕೇಶನ್ ಮಾಹಿತಿ ತೆಗೆದುಬಿಡಿ, ಯಾರದ್ದಾದರೂ ಮನೆ ಕಾಣುತ್ತಿದ್ದರೆ ಖಂಡಿತ.

11. ಮತ್ತೆ ಅದೇ ಜಾಗಕ್ಕೆ

ಎಲ್ಲ ಮುಗಿದ ಮೇಲೆ ಹಳೆಯ ಫೋಟೋದ ಪ್ರಿಂಟ್ ಹಿಡಿದು ಹೋಗಿ. ಮೊಬೈಲಿನಲ್ಲಿ ನೋಡಿಕೊಂಡರೆ ಬಿಸಿಲಿಗೆ ಕಾಣುವುದಿಲ್ಲ, ಪ್ರಿಂಟೇ ಬೇಕು. ಮುಂದಿನ ಕಂಬದ ಅಂಚು ಹಿಂದಿನ ಕಟ್ಟಡದ ಯಾವ ಕಿಟಕಿಗೆ ತಾಗುತ್ತಿತ್ತು ನೋಡಿ. ಅದು ಹೊಂದುವ ತನಕ ಎಡಕ್ಕೆ ಬಲಕ್ಕೆ ಜರುಗಿ. ಆಮೇಲೆ ಎತ್ತರ. ಅದೇ ತಿಂಗಳು, ಅದೇ ಹೊತ್ತಿಗೆ ಹೋದರೆ ನೆರಳೂ ಅದೇ ಜಾಗಕ್ಕೆ ಬಂದು ಕೂರುತ್ತದೆ.

ನಾನು 2023ರ ಏಪ್ರಿಲಿನಲ್ಲಿ ಆ ನೆರಳಿಲ್ಲದ ಕಂಬಗಳ ರಸ್ತೆಗೆ ಹೋದೆ. ಹನ್ನೆರಡೂ ಇಪ್ಪತ್ತಕ್ಕೆ ಪ್ರಿಂಟ್ ಹಿಡಿದು, ಒಂದು ಕಣ್ಣು ಮುಚ್ಚಿ, ಕಂಬಕ್ಕೂ ಕಿಟಕಿಗೂ ಹೊಂದಿಸುತ್ತಾ ರಸ್ತೆ ಬದಿಯಲ್ಲಿ ಹಿಂದೆ ಮುಂದೆ ಆಡುತ್ತಿದ್ದೆ. ಸರಿಯಾಗಿ ಕೂತಿತು ಅನ್ನುವಾಗ ಒಂದು ಆಟೋ ಬಂದು ಫ್ರೇಮಿನ ತುಂಬ ನಿಂತಿತು.

“ಎಲ್ಲಿಗೆ ಸಾರ್?” ಅಂದರು ಡ್ರೈವರ್.